ಹಳೇ ಸಿಗರೇಟು ಸುತ್ತುವ ಮಿಷಿನ್: ಪಟ್ಟಿಗೆ ಯಾವ ಬಟ್ಟೆ, ಎಷ್ಟು ಉದ್ದ, ಹೇಗೆ ಅಂಟಿಸೋದು?

ಪಿಜೆ_ಬಡಾವಣೆ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಎರಡು ರೋಲರ್ ಇರೋ ಹಳೇ ಕೈ ಮಿಷಿನ್ ಒಂದರ ಬಗ್ಗೆ ಕೇಳೋದಿತ್ತು. ತಗಡಿನ ಮೈ, ಮೇಲೆ ನಿಕ್ಕಲ್ ಲೇಪ. ಅಡಿಗೆ "ಮೇಡ್ ಇನ್ ಇಂಗ್ಲೆಂಡ್" ಅಂತ ಒತ್ತಿದ ಅಕ್ಷರ, ಪಕ್ಕದಲ್ಲಿ 4ರಿಂದ ಶುರುವಾಗೋ ಆರಂಕಿಯ ಪೇಟೆಂಟ್ ನಂಬರು. ರೋಲರ್ ಉದ್ದ 76 ಮಿ.ಮೀ., ದಪ್ಪ 9.5 ಮಿ.ಮೀ. ಎರಡೂ ರೋಲರ್ ಬಳಸಿ ಓಡುತ್ತಾ ತಂಬಾಕನ್ನ ಒತ್ತಿ ಸುತ್ತೋ ಮೂಲ ಪಟ್ಟಿ ಇಲ್ಲ. ಹಿಂದಿನವರು ತೆಳು ರೆಕ್ಸಿನ್ ಕತ್ತರಿಸಿ ಹೊಲಿಗೆ ಹಾಕಿ ಸೇರಿಸಿದ್ದಾರೆ.

ತೊಂದರೆ ಎರಡು. ಒಂದು, ಸುತ್ತಿದ್ದು ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಆಗಿ ಬರುತ್ತೆ. ಎರಡು, ಕಾಗದದ ಅಂಚು ಅಂಟಿದ ಹಾಗೆ ಕಂಡರೂ ಹೊರಗೆ ತೆಗೆದ ಮೇಲೆ ಬಿಚ್ಚಿಕೊಳ್ಳುತ್ತೆ. ಮನೆಯಲ್ಲಿ ಬಳಸೋಕೆ ಸರಿ ಮಾಡಬೇಕು, ಬರೀ ಶೋಕೇಸಿಗಲ್ಲ. ಪಟ್ಟಿಗೆ ಏನು ಹಾಕೋದು?

ಗುಜರಿ_ಗೆಳೆಯ (ದಾವಣಗೆರೆ)
ರೆಕ್ಸಿನ್ ಕಿತ್ತು ಬಿಸಾಕ್ರಿ ಮೊದಲು. ಎರಡೂ ತೊಂದರೆ ಅದರದ್ದೇ.

ಕೋಟೆಕಲ್ಲು (ಚಿತ್ರದುರ್ಗ)
ಎರಡೂ ಅದರದ್ದೇ ಅಂತ ಅಷ್ಟು ಬೇಗ ಹೇಳೋಕಾಗಲ್ಲ ಗೆಳೆಯರೇ. ತುದಿ ಸಣ್ಣ ಆಗೋಕೆ ಮೂರು ಕಾರಣ ಇರ್ತವೆ: ತಂಬಾಕು ಸಮ ಹರಡಿಲ್ಲ, ಪಟ್ಟಿಯ ಎರಡು ಅಂಚಿನ ಉದ್ದ ಒಂದೇ ಇಲ್ಲ, ಅಥವಾ ರೋಲರಿನ ಅಚ್ಚು ಕೂರುವ ತೋಡು ಒಂದು ಕಡೆ ಸವೆದಿದೆ. ಯಾವುದು ಅಂತ ಕಂಡುಹಿಡಿಯೋದು ಸುಲಭ. ಐದು ಸಲ ಸುತ್ತಿ ನೋಡಿ. ದಪ್ಪ ತುದಿ ಐದು ಸಲವೂ ಮಿಷಿನ್ನಿನ ಒಂದೇ ಕಡೆ ಬಂದರೆ ತಪ್ಪು ಮಿಷಿನ್ನಿನದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಂದರೆ ತಪ್ಪು ಕೈಯದು.

ಮಿಷಿನ್ನಿನದೇ ಅಂತಾದರೆ ಪಟ್ಟಿ ತೆಗೆದು ರೋಲರ್ ಮುಚ್ಚಿ ಬೆಳಕಿಗೆ ಹಿಡೀರಿ. ನಡುವಿನ ಸಂದು ಎರಡೂ ತುದಿಗೆ ಒಂದೇ ಅಗಲ ಕಾಣಬೇಕು. ಒಂದು ತುದಿಗೆ 1 ಮಿ.ಮೀ., ಇನ್ನೊಂದಕ್ಕೆ ಎರಡು ಕಂಡರೆ ತೋಡು ಸವೆದಿದೆ. ಸಂದು ಸಮ ಇದ್ದರೆ ಆಮೇಲೆ ಪಟ್ಟಿ ಮೇಲೆ ಅನುಮಾನ ಪಡಿ.

ಪಿಜೆ_ಬಡಾವಣೆ
ನೋಡಿದೆ ಸರ್. ಸಂದು ಸಮ ಇದೆ. ದಪ್ಪ ತುದಿ ಪ್ರತಿ ಸಲ ಬಲಕ್ಕೇ ಬರ್ತಿದೆ.

ಕೋಟೆಕಲ್ಲು
ಹಾಗಾದರೆ ಪಟ್ಟಿಯೇ. ಅದನ್ನ ಚಪ್ಪಟೆ ಮಾಡಿ ಎಡ ಅಂಚು, ಬಲ ಅಂಚು ಎರಡೂ ಅಳೆಯಿರಿ. ಬಲ ಅಂಚು ಉದ್ದ ಇರುತ್ತೆ. ಗುಜರಿ ಗೆಳೆಯರು ಹೇಳಿದ್ದೇ ನಿಜ ಆಯ್ತು.

ಮಗ್ಗದಮನೆ (ಮೊಳಕಾಲ್ಮೂರು)
ಬಟ್ಟೆ ವಿಷಯ ಬಂತಲ್ಲ, ಒಂದು ಮಾತು. ಇಲ್ಲಿ ಮುಕ್ಕಾಲು ಜನ ತಪ್ಪು ಮಾಡೋದು ಬಟ್ಟೆಯ ಜಾತಿಯಲ್ಲಲ್ಲ, ಕತ್ತರಿಸೋ ದಿಕ್ಕಿನಲ್ಲಿ.

ನೇಯ್ದ ಬಟ್ಟೆಗೆ ಹಾಸು, ಹೊಕ್ಕು ಎರಡಿರುತ್ತೆ. ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟಿರೋದು ಹಾಸು, ಅಡ್ಡ ಓಡೋದು ಹೊಕ್ಕು. ಹಾಸಿನ ಎಳೆ ಮೊದಲೇ ಬಿಗಿ ತಿಂದಿರುತ್ತೆ, ಆಮೇಲೆ ಹೆಚ್ಚು ಹಿಗ್ಗಲ್ಲ. ಹೊಕ್ಕಿನ ಕಡೆ ಎಳೆದರೆ ಹಿಗ್ಗುತ್ತೆ. ಓರೆಯಾಗಿ ಎಳೆದರಂತೂ ಬಟ್ಟೆ ತಿರುಚಿಕೊಳ್ಳುತ್ತೆ. ಈ ಮಿಷಿನ್ನಿನಲ್ಲಿ ಪಟ್ಟಿ ರೋಲರ್ ಸುತ್ತ ಯಾವ ದಿಕ್ಕಿಗೆ ಓಡುತ್ತೋ ಆ ದಿಕ್ಕಿಗೆ ಹಾಸು ಬರಬೇಕು.

ಹಾಸು ಯಾವುದು ಅಂತ ತಿಳಿಯೋಕೆ ಥಾನಿನ ಅಂಚು ನೋಡಿ. ಅಂಚಿಗೆ ಸಮಾಂತರವಾಗಿ ಓಡೋದೇ ಹಾಸು. ತುಂಡು ಬಟ್ಟೆ, ಅಂಚು ಇಲ್ಲ ಅಂದ್ರೆ ಎರಡೂ ಕಡೆ ಹೆಬ್ಬೆರಳಲ್ಲಿ ಹಿಡಿದು ಎಳೆದು ನೋಡಿ, ಕಡಿಮೆ ಹಿಗ್ಗಿದ್ದು ಹಾಸು. ಕತ್ತರಿಸುವಾಗ ಗೆರೆ ಎಳೆಯೋದಕ್ಕಿಂತ ಒಂದು ಹಾಸಿನ ಎಳೆ ಕಿತ್ತುಬಿಡಿ. ಆ ಖಾಲಿ ಜಾಡಲ್ಲೇ ಕತ್ತರಿ ಓಡಿಸಿದರೆ ಅಂಚು ಕೂದಲೆಳೆಯಷ್ಟೂ ಓರೆ ಆಗಲ್ಲ.

ಗುಜರಿ_ಗೆಳೆಯ
ಎಳೆ ಕಿತ್ತು ಆ ಜಾಡಲ್ಲಿ ಕತ್ತರಿಸೋದು! ಇದನ್ನ ಯಾರೂ ಹೇಳಿರಲಿಲ್ಲ ಅಣ್ಣಾ. ಬರೆದಿಟ್ಕೊಂಡೆ.

ಬಯಲುಸೀಮೆ_ಬಾಬು (ಚಳ್ಳಕೆರೆ)
ಬಟ್ಟೆ ಯಾವುದು ಅನ್ನೋದು ಇನ್ನೂ ಬಂದೇ ಇಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ರೆ ಆಗಲ್ವಾ? ಹಿಡಿತ ಚೆನ್ನಾಗಿರುತ್ತೆ.

ಲೇತ್_ಮೇಷ್ಟ್ರು (ಹರಿಹರ)
ಟ್ಯೂಬ್ ಬೇಡ. ಹಿಡಿತ ಚೆನ್ನಾಗಿರುತ್ತೆ ಅನ್ನೋದು ನಿಜ, ಅದೇ ತೊಂದರೆ. ಪಟ್ಟಿ ತಂಬಾಕನ್ನು ಒತ್ತಬೇಕು, ತಾನು ಹಿಗ್ಗಬಾರದು. ರಬ್ಬರ್ ಹಿಗ್ಗಿದ ಕೂಡಲೇ ಒತ್ತಡ ಹೋಯ್ತು, ಸಿಗರೇಟು ಮಧ್ಯೆ ಉಬ್ಬಿ ಮಡಕೆ ಹೊಟ್ಟೆ ಥರ ಬರುತ್ತೆ. ಜೊತೆಗೆ ಕಾಗದ ರಬ್ಬರಿಗೆ ಕಚ್ಚಿಕೊಂಡು ಒಳಗೆ ಜಾರಲ್ಲ, ಸುಕ್ಕಾಗುತ್ತೆ. ವಾಸನೆ ಬೇರೆ.

ನನ್ನ ಲೆಕ್ಕದಲ್ಲಿ ಬಟ್ಟೆಗಳ ಯೋಗ್ಯತೆ ಹೀಗೆ. ಬುಕ್ ಬೈಂಡಿಂಗ್ ಮಾಡೋರು ಬಳಸೋ ಕ್ಯಾಲಿಕೊ ಎಲ್ಲಕ್ಕಿಂತ ಒಳ್ಳೇದು. ತೆಳು, ಗಂಜಿ ಕೂತಿರುತ್ತೆ, ಹಿಗ್ಗಲ್ಲ. ಆದರೆ ನೀರು ತಾಗಿದ ಕಡೆ ಗಂಜಿ ಬಿಟ್ಟು ಮೆತ್ತಗಾಗುತ್ತೆ. ಅದಕ್ಕೆ ಹೊರಮೈಗೆ, ಅಂದರೆ ತಂಬಾಕು ತಾಗೋ ಕಡೆಗೆ, ಜೇನುಮೇಣ ತೆಳ್ಳಗೆ ಉಜ್ಜಿ ಕಾಗದ ಇಟ್ಟು ಮೇಲಿಂದ ಇಸ್ತ್ರಿ ಓಡಿಸಬೇಕು. ಹೆಚ್ಚಾದ ಮೇಣ ಕಾಗದಕ್ಕೆ ಬರುತ್ತೆ. ಒಳಮೈಗೆ ಮೇಣ ಹಚ್ಚಬೇಡಿ, ರೋಲರ್ ಜಾರುತ್ತೆ. ಎರಡನೇದು ಒತ್ತಾಗಿ ನೇಯ್ದ ಹತ್ತಿ ಬಟ್ಟೆ, ಪಾಪ್ಲಿನ್ ಅಥವಾ ತೆಳು ಡ್ರಿಲ್. ಟೈಲರುಗಳ ಕಾಲರ್ ಕ್ಯಾನ್ವಾಸ್ ಹೊಸದರಲ್ಲಿ ಚೆನ್ನಾಗಿರುತ್ತೆ, ಆದರೆ ಮಡಿಕೆ ಬಿದ್ದ ಕಡೆ ಮುರಿಯುತ್ತೆ. ಕೊಡೆ ಬಟ್ಟೆ ತುಂಬಾ ನುಣುಪು, ರೋಲರ್ ಅದರ ಮೇಲೆ ಜಾರುತ್ತೆ. ರೆಕ್ಸಿನ್ ದಪ್ಪ.

ದಪ್ಪ ಯಾಕೆ ಮುಖ್ಯ ಅಂದರೆ, ರೋಲರ್ ಮುಚ್ಚಿದಾಗ ಸಂದಿನಲ್ಲಿ ಪಟ್ಟಿ ಎರಡು ಪದರ ಹೋಗುತ್ತೆ. 0.8 ಮಿ.ಮೀ. ರೆಕ್ಸಿನ್ ಆದರೆ 1.6 ಅಲ್ಲೇ ತುಂಬಿತು. ಸಂದು ಇರೋದೇ ಒಂದೂವರೆ. ರೋಲರ್ ಪೂರ್ತಿ ಮುಚ್ಚಲ್ಲ, ತೋಡಿಗೆ ಭಾರ ಬೀಳುತ್ತೆ, ತಗಡು ಬಾಗುತ್ತೆ. ಪಟ್ಟಿ 0.3 ಮಿ.ಮೀ. ಒಳಗೇ ಇರಲಿ.

ಪಿಜೆ_ಬಡಾವಣೆ
ಉದ್ದ ಹೇಗೆ ಲೆಕ್ಕ ಹಾಕೋದು ಮೇಷ್ಟ್ರೇ? ರೆಕ್ಸಿನ್ ಅಳತೆ ನಂಬೋ ಹಾಗಿಲ್ಲ.

ಲೇತ್_ಮೇಷ್ಟ್ರು
ಲೆಕ್ಕ ಬೇಡ, ದಾರದಲ್ಲಿ ಅಳೆಯಿರಿ. 8 ಮಿ.ಮೀ. ಡ್ರಿಲ್ ಬಿಟ್‌ನ ನುಣುಪು ಕಡೆ ತಗೊಳ್ಳಿ. ಸಾಮಾನ್ಯ ಸಿಗರೇಟಿನ ದಪ್ಪ ಅದೇ. ರೋಲರ್ ತೆರೆದು, ಕಾಗದದ ಪಟ್ಟಿಯೊಂದನ್ನ ಅಂದಾಜಿಗೆ ಎರಡೂ ರೋಲರ್ ಬಳಸಿ ತಂದು ಕ್ಲಿಪ್ ಹಾಕಿ. ಎರಡು ರೋಲರ್ ನಡುವೆ ಆ ಕಾಗದ ಒತ್ತಿ ಗುಂಡಿ ಮಾಡಿ, ಅದರಲ್ಲಿ ಆ ಬಿಟ್ ಇಟ್ಟು ರೋಲರ್ ಮುಚ್ಚಿ. ಈಗ ಕ್ಲಿಪ್ ಸಡಿಲ ಮಾಡಿ, ಬಿಟ್ ಸುತ್ತ ಬಿಗಿಯಾಗಿ ಕೂರುವ ತನಕ ಕಾಗದ ಎಳೆದು ಗುರುತು ಹಾಕಿ. ಅದೇ ಪಟ್ಟಿಯ ಉದ್ದ. ದಾರ ಅಂದೆ, ಕಾಗದವೇ ಒಳ್ಳೇದು, ದಾರ ಗುಂಡಿಯಲ್ಲಿ ಜಾರುತ್ತೆ.

ಅಗಲ: ರೋಲರ್ 76 ಅಂದಿರಿ. ಎರಡೂ ಕಡೆ ಒಂದೊಂದು ಮಿ.ಮೀ. ಬಿಡಿ, 74. ಪಕ್ಕದ ತಗಡಿಗೆ ಅಂಚು ಉಜ್ಜಿದರೆ ನೂಲು ಬಿಡೋಕೆ ಶುರುವಾಗುತ್ತೆ.

ಅಂಕಿ_ಸಂಖ್ಯೆ (ದಾವಣಗೆರೆ)
ಬಿಚ್ಚಿಕೊಳ್ಳೋ ಅಂಚಿನ ಬಗ್ಗೆ ಯಾರೂ ಹೇಳಿಲ್ಲ. ಅದು ಗೋಂದಿನ ತಪ್ಪಲ್ಲ, ದಪ್ಪದ ತಪ್ಪು.

ಸಣ್ಣ ಅಳತೆಯ ಕಾಗದ 70 ಮಿ.ಮೀ. ಉದ್ದ, ಹೆಚ್ಚುಕಮ್ಮಿ 36 ಮಿ.ಮೀ. ಅಗಲ. ಸಿಗರೇಟು 8 ಮಿ.ಮೀ. ದಪ್ಪ ಆದರೆ ಸುತ್ತಳತೆ 25.1. ಒಂದರ ಮೇಲೊಂದು ಕೂರೋಕೆ ಕಾಗದ 11 ಮಿ.ಮೀ. ಉಳಿಯಿತು, ಭದ್ರ. 10 ಮಿ.ಮೀ. ದಪ್ಪ ಆದರೆ ಸುತ್ತಳತೆ 31.4, ಉಳಿದದ್ದು ನಾಲ್ಕೂವರೆ. ಅದರಲ್ಲಿ ಗೋಂದಿನ ಗೆರೆಯೇ ಎರಡು ಮೂರು ಮಿ.ಮೀ. ಕಾಗದ ಸ್ವಲ್ಪ ಓರೆ ಹೋದರೂ ಒಂದು ತುದಿಗೆ ಗೋಂದು ಗಾಳಿಯಲ್ಲೇ ನಿಲ್ಲುತ್ತೆ. 11.5 ಆದರೆ ಸುತ್ತಳತೆ 36 ದಾಟಿತು, ಅಂಟೋಕೆ ಜಾಗವೇ ಇಲ್ಲ. ನಿಮ್ಮ ದಪ್ಪ ತುದಿ ಅಳೆದು ನೋಡಿ, ಹತ್ತರ ಮೇಲೇ ಇರುತ್ತೆ.

ಪಿಜೆ_ಬಡಾವಣೆ
ದಪ್ಪ ತುದಿ 10.5, ಸಣ್ಣದು 8.5. ನೀವು ಹೇಳಿದ ಹಾಗೇ ಬಿಚ್ಚೋದು ದಪ್ಪ ತುದಿಗೇ.

ಅಂಕಿ_ಸಂಖ್ಯೆ
ಹಂಗಾದ್ರೆ ಎರಡು ತೊಂದರೆ ಅಲ್ಲ, ಒಂದೇ. ಪಟ್ಟಿಯ ಬಲ ಅಂಚು ಉದ್ದ ಆಗಿರೋದು.

ಊರೊಟ್ಟಿನ_ಮಾತು (ಹೊಳಲ್ಕೆರೆ)
ಇಷ್ಟೆಲ್ಲಾ ಮಾಡಿ ಕೊನೆಗೆ ಸೇದೋದಾ? ಬಿಟ್ಟುಬಿಡ್ರಪ್ಪ ಅದನ್ನ.

ಕೋಟೆಕಲ್ಲು
ಮಾತು ಸರಿ ಇದೆ. ಮನೇಲಿ ಸುತ್ತಿದ್ದು ಅಂದ್ರೆ ಕೆಡುಕು ಕಡಿಮೆ ಅನ್ನೋ ನಂಬಿಕೆ ಕೆಲವರಿಗಿದೆ, ಅದು ಸುಳ್ಳು. ಫಿಲ್ಟರ್ ಇರಲಿ ಬಿಡಲಿ, ಹೊಗೆ ಹೊಗೆಯೇ. ಸಂಗ್ರಹ ಮಾಡೋರಲ್ಲಿ ಸೇದದೇ ಇರೋರೂ ಬಹಳ ಜನ ಇದ್ದಾರೆ. ಅವರು ಮಿಷಿನ್ ಪರೀಕ್ಷೆಗೆ ಒಣಗಿಸಿದ ನಿಂಬೆಹುಲ್ಲನ್ನ ಸಣ್ಣಗೆ ಹೆಚ್ಚಿ ಬಳಸ್ತಾರೆ. ಎಳೆ ಎಳೆಯಾಗಿ ಇರೋದರಿಂದ ತಂಬಾಕಿನ ಹಾಗೇ ಕೂರುತ್ತೆ. ಚಹಾ ಪುಡಿ ಹಾಕಬೇಡಿ, ಕಾಳು ಕಾಳಾಗಿ ತುದಿಯಿಂದ ಸುರಿಯುತ್ತೆ, ತೋಡಿಗೆ ಸೇರಿಕೊಂಡು ಅಚ್ಚು ತಿರುಗಲ್ಲ.

ಬಯಲುಸೀಮೆ_ಬಾಬು
ಬೀಡಿ ತಂಬಾಕು ಹಾಕಿದ್ರೆ?

ಎಲೆ_ಕತ್ತರಿ (ದಾವಣಗೆರೆ)
ಆಗಲ್ಲ ಬಾಬು. ಬೀಡಿ ತಂಬಾಕು ಚೂರು ಚೂರಾಗಿರೋದು, ಎಳೆ ಇಲ್ಲ. ಅದನ್ನ ಹಿಡಿದಿಡೋದು ಎಲೆಯ ಬಿಗಿ, ಮೇಲಿನ ಮಡಿಕೆ, ಕೆಳಗಿನ ದಾರ. ಕಾಗದದಲ್ಲಿ ಸುತ್ತಿದರೆ ಎರಡೂ ತುದಿಯಿಂದ ಉದುರುತ್ತೆ. ನಿಪ್ಪಾಣಿ ಕಡೆಯದು ಬೀಡಿಗೆ, ಹುಣಸೂರು ಪಿರಿಯಾಪಟ್ಟಣದ ಕಡೆಯ ವರ್ಜೀನಿಯಾ ಸಿಗರೇಟಿಗೆ. ಎಲೆಯೂ ಬೇರೆ, ಹದ ಮಾಡೋದೂ ಬೇರೆ, ಕತ್ತರಿಸೋದೂ ಬೇರೆ.

ಹಾಗೇ ಇನ್ನೊಂದು. ಸಂಗ್ರಹ ಅಂತ ಹೊರಟವರು ಇಂಗ್ಲೆಂಡಿನ ತಗಡು ಹುಡುಕೋದರ ಜೊತೆಗೆ ಬೀಡಿ ಕಟ್ಟೋರ ತಗಡಿನ ಫರ್ಮಾನೂ ಎತ್ತಿಡಿ. ನೆನೆಸಿದ ಎಲೆ ಮೇಲೆ ಇಟ್ಟು ಸುತ್ತ ಕತ್ತರಿ ಓಡಿಸೋ ತುಂಡು ತಗಡು. ವರ್ಷಗಟ್ಟಲೆ ಕತ್ತರಿ ಉಜ್ಜಿ ಅದರ ಅಂಚು ಕನ್ನಡಿ ಥರ ಹೊಳೀತಿರುತ್ತೆ. ಅದನ್ನ ಯಾರೂ ಕಾಪಾಡ್ತಿಲ್ಲ, ತೂಕಕ್ಕೆ ಹಾಕ್ತಿದ್ದಾರೆ.

ಮಗ್ಗದಮನೆ
ನಿಜವಾಗಲೂ ಇದು ಆಗಬೇಕಾದ ಕೆಲಸ ಅಕ್ಕ. ಫರ್ಮಾ ಸಿಕ್ಕಿದರೆ ಅದರ ಅಳತೆ ಜೊತೆಗೆ ಯಾವ ಊರಿನದು ಅಂತ ಒಂದು ಚೀಟಿ ಕಟ್ಟಿಡಿ. ಮಾಹಿತಿ ಹೋದರೆ ಅದು ಬರೀ ತಗಡು.

ಪೇಟೆಂಟ್_ಪ್ರೇಮಿ (ಚಿತ್ರದುರ್ಗ)
ಮೊದಲ ಪೋಸ್ಟಿನ ಪೇಟೆಂಟ್ ನಂಬರಿಗೆ ಬರ್ತೀನಿ. ಬ್ರಿಟನ್ನಿನಲ್ಲಿ 1915ರ ತನಕ ಪ್ರತಿ ವರ್ಷ ಒಂದರಿಂದ ಎಣಿಸ್ತಿದ್ದರು. 1916ರಿಂದ 1,00,001 ಅಂತ ಶುರು ಮಾಡಿ ಒಂದೇ ಸಾಲಿನಲ್ಲಿ ಮುಂದುವರಿಸಿದರು. ಆದ್ದರಿಂದ ಆರಂಕಿ ಇದ್ದರೆ 1916ರ ನಂತರದ್ದು, 4ರಿಂದ ಶುರುವಾದರೆ 1930ರ ದಶಕದ್ದು. ಇದು ಪೇಟೆಂಟಿನ ಕಾಲ ಮಾತ್ರ. ಮಿಷಿನ್ ಅದಾದ ಮೇಲೆ ಎಷ್ಟು ವರ್ಷವಾದರೂ ತಯಾರಾಗಿರಬಹುದು.

ಅಮೆರಿಕದ್ದಾದರೆ 10 ಲಕ್ಷದ ನಂಬರು ಬಂದಿದ್ದು 1911ರಲ್ಲಿ, 20 ಲಕ್ಷದ್ದು 1935ರಲ್ಲಿ. ಪೆಟ್ಟಿಗೆ ಮೇಲಿನ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ 1963ರ ಈಚಿನದು. ಜರ್ಮನಿಯದಕ್ಕೆ ಡಿ.ಆರ್.ಪಿ. ಅಥವಾ ಡಿ.ಆರ್.ಜಿ.ಎಂ. (ಆಗಿನ ಜರ್ಮನ್ ಪೇಟೆಂಟ್, ನೋಂದಣಿ ಗುರುತು) ಅಂತ ಇದ್ದರೆ ಎರಡನೇ ಮಹಾಯುದ್ಧ ಮುಗಿಯೋ ಮುಂಚಿನ ವಿನ್ಯಾಸ, "ವೆಸ್ಟ್ ಜರ್ಮನಿ" ಅಂತ ಇದ್ದರೆ 1949ರಿಂದ 1990ರ ನಡುವಿನದು. ನಮ್ಮ ದೇಶದ ಅಂಗಡಿ ಚೀಟಿ ಅಂಟಿದ್ದು ಅದರಲ್ಲಿ ಆರಂಕಿಯ ಪಿನ್ ಇದ್ದರೆ 1972ರ ನಂತರ ಅಂಟಿಸಿದ್ದು.

ಇನ್ನೊಂದು ಸುಲಭದ ಗುರುತು ಸ್ಕ್ರೂ. ನಕ್ಷತ್ರದ ತಲೆ, ಅಂದರೆ ಕೂಡಿಸೋ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದ ನಡುವಿನಲ್ಲಿ. "1910ರದ್ದು ಸಾರ್" ಅಂತ ಮಾರೋ ಮಿಷಿನ್ನಿನಲ್ಲಿ ಅದು ಕಂಡರೆ, ಒಂದೋ ಸ್ಕ್ರೂ ಬದಲಾಗಿದೆ, ಇಲ್ಲಾ ಮಾತು ಸುಳ್ಳು.

ಗುಜರಿ_ಗೆಳೆಯ
1930ರ ದಶಕ ಅಂದ್ರೆ ಆಂಟಿಕ್ ಅಂತ ಹೇಳ್ಕೊಳ್ಳಬಹುದು ಬಿಡ್ರಿ.

ಪೇಟೆಂಟ್_ಪ್ರೇಮಿ
ಇಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷದ ಲೆಕ್ಕ ಇರೋದು. ಅದಕ್ಕಿಂತ ಹೊಸದನ್ನ ಹಳೇ ಸಾಮಾನು ಅನ್ನಿ ಸಾಕು. ಆಂಟಿಕ್ ಅನ್ನೋ ಒಂದು ಪದಕ್ಕೆ ದುಪ್ಪಟ್ಟು ದುಡ್ಡು ಕೊಡಬೇಡಿ.

ಹೊಸಬ_2 (ದಾವಣಗೆರೆ)
ನಾನು ಇದಕ್ಕೆ ಹೊಸಬ. ಎರಡು ರೋಲರ್ ಅಂತೀರಿ, ಬೇರೆ ಥರಾನೂ ಇದೆಯಾ? ಕೊಳ್ಳೋಕೆ ಯಾವುದು ಒಳ್ಳೇದು?

ಲೇತ್_ಮೇಷ್ಟ್ರು
ಮುಖ್ಯವಾಗಿ ಮೂರು ಥರ. ಎರಡು ರೋಲರಿನದು ಮೇಲೆ ಹೇಳಿದ್ದು. ಸಿಗರೇಟು ಕಾಗದ ಮಾಡೋ ರಿಜ್ಲಾ ಕಂಪನಿ ಹೆಸರಿನಲ್ಲಿ ಹೆಚ್ಚು ಸಿಗೋದು ಇದೇ.

ಎರಡನೇದು ಡಬ್ಬಿ. ನಶ್ಯದ ಡಬ್ಬಿಗಿಂತ ದೊಡ್ಡದು, ಬೆಂಕಿಪೊಟ್ಟಣಕ್ಕಿಂತ ಉದ್ದ. ಮುಚ್ಚಳ ತೆರೆದರೆ ಒಳಗೆ ಒಂದು ಪಟ್ಟಿ, ಒಂದು ಕಡ್ಡಿ ರೋಲರ್. ಪಟ್ಟಿಯನ್ನ ಬೆರಳಲ್ಲಿ ಒತ್ತಿ ಗುಂಡಿ ಮಾಡಿ ತಂಬಾಕು ತುಂಬಿ, ಗೋಂದು ಒದ್ದೆ ಮಾಡಿದ ಕಾಗದ ಇಟ್ಟು ಮುಚ್ಚಳ ಮುಚ್ಚಿದರೆ ಮೇಲಿನ ಸೀಳಿನಿಂದ ಸಿಗರೇಟು ಹೊರಗೆ ಬರುತ್ತೆ. ನೋಡೋಕೆ ಸೊಗಸು. ಆದರೆ ಮುಚ್ಚಳದ ಕೀಲು ಬಾಗಿದ್ದರೆ ಕಡ್ಡಿ ಓರೆ ಓಡುತ್ತೆ. ಕೀಲು ನೇರ ಮಾಡೋಕೆ ಹೋದರೆ ತಗಡಿನ ಕಿವಿ ಮುರಿಯುತ್ತೆ. ಕೊಳ್ಳುವಾಗ ಮುಚ್ಚಳ ಹತ್ತು ಸಲ ನಿಧಾನ ತೆರೆದು ಮುಚ್ಚಿ ನೋಡಿ, ಎಲ್ಲಾದರೂ ಕಚ್ಚಿಕೊಂಡರೆ ಬಿಡಿ.

ಮೂರನೇದು ತುಂಬೋ ಕೊಳವೆ. ಖಾಲಿ ಕಾಗದದ ಕೊಳವೆಗೆ ತಂಬಾಕು ತುರುಕೋದು. ಬಹಳ ಹಳೇದರಲ್ಲಿ ಹಿತ್ತಾಳೆ ಕೊಳವೆ ಉದ್ದಕ್ಕೆ ಎರಡು ಹೋಳಾಗಿ ತೆರೆಯುತ್ತೆ, ಜೊತೆಗೊಂದು ಮರದ ಕಡ್ಡಿ. ಕಡ್ಡಿ ಕಳೆದುಹೋಗಿರೋದೇ ಹೆಚ್ಚು, ಅದನ್ನ ಲೇತಿನಲ್ಲಿ ಮಾಡಿಸಬಹುದು. ತೊಂದರೆ ಅಂದರೆ ಖಾಲಿ ಕೊಳವೆ ನಮ್ಮ ಊರಲ್ಲಿ ಸಿಗೋದು ಕಷ್ಟ. ಮನೆಯಲ್ಲಿ ಬಳಸೋಕೆ ಎರಡು ರೋಲರಿನದೇ ತಗೊಳ್ಳಿ.

ಪೇಟೆಂಟ್_ಪ್ರೇಮಿ
ಅಮೆರಿಕದ ಬ್ರೌನ್ ಅಂಡ್ ವಿಲಿಯಮ್ಸನ್ ಕಂಪನಿಯ "ಟಾರ್ಗೆಟ್" ಮಿಷಿನ್ನನ್ನೂ ಸೇರಿಸಿ ಮೇಷ್ಟ್ರೇ. 1930ರ ದಶಕದಲ್ಲಿ ಕೈಯಲ್ಲಿ ದುಡ್ಡಿಲ್ಲದ ಕಾಲಕ್ಕೆ ಬಿಡಿ ತಂಬಾಕು ಮಾರೋಕೆ ಅಂತ ತಂದದ್ದು. ಮೇಜಿನ ಮೇಲಿಟ್ಟು ಸುತ್ತೋದು. ಅದೇ ಕಂಪನಿ 1970ರ ದಶಕದಲ್ಲಿ ಫಿಲ್ಟರ್ ಸಿಗರೇಟು ಮಾಡೋ "ಲಾರೆಡೊ" ಅನ್ನೋ ಪ್ಲಾಸ್ಟಿಕ್ ಮಿಷಿನ್ನನ್ನೂ ಮಾರಿತ್ತು. ರಿಜ್ಲಾ ಅನ್ನೋದು ಫ್ರೆಂಚಿನ ಅಕ್ಕಿ ಅನ್ನೋ ಪದ "ರೀ" ಮತ್ತು ಲಾಕ್ರುವಾ ಮನೆತನದ ಹೆಸರು ಸೇರಿ ಆದದ್ದು. ಹೆಸರಿನ ಕೊನೆಗೆ ಕೂಡಿಸೋ ಗುರುತು ಕಾಣುತ್ತಲ್ಲ, ಅದು ಶಿಲುಬೆ. ಕ್ರುವಾ ಅಂದರೆ ಶಿಲುಬೆ.

ಬಯಲುಸೀಮೆ_ಬಾಬು
ಫ್ಯಾಕ್ಟರಿ ಮಿಷಿನ್ ಇದಕ್ಕಿಂತ ಮುಂಚೆ ಬಂತಾ, ಆಮೇಲಾ?

ಪೇಟೆಂಟ್_ಪ್ರೇಮಿ
ಮುಂಚೆ. ವರ್ಜೀನಿಯಾದ ಜೇಮ್ಸ್ ಬೊನ್ಸಾಕ್ ತನ್ನ ಮಿಷಿನ್ನಿಗೆ 1881ರಲ್ಲಿ ಪೇಟೆಂಟ್ ಪಡೆದ. ಹತ್ತು ಗಂಟೆಗೆ ಒಂದು ಲಕ್ಷ ಇಪ್ಪತ್ತು ಸಾವಿರ, ಅಂದರೆ ನಿಮಿಷಕ್ಕೆ ಇನ್ನೂರು. ಅದರ ಸಿಗರೇಟು ಒಂದೊಂದಾಗಿ ಸುತ್ತೋದಲ್ಲ. ಉದ್ದಕ್ಕೆ ಒಂದೇ ಕಡ್ಡಿ ಓಡುತ್ತೆ, ಅದನ್ನ ತುಂಡು ಮಾಡೋದು. ಮನೆ ಮಿಷಿನ್ನಿನ ತತ್ವವೇ ಬೇರೆ.

ಮಗ್ಗದಮನೆ
ವಿಷಯ ಬೇರೆ ಕಡೆ ಹೋಯ್ತು. ಪಟ್ಟಿ ಜೋಡಿಸೋದು ಹೇಗೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಗುಜರಿ_ಗೆಳೆಯ
ಫೆವಿಕಾಲ್ ಹಚ್ಚಿ ಒಂದು ರಾತ್ರಿ ಭಾರ ಇಟ್ಟರೆ ಆಯ್ತಲ್ಲ.

ಲೇತ್_ಮೇಷ್ಟ್ರು
ಆಗಲ್ಲ ಗೆಳೆಯ. ಮರಗೆಲಸದ ಬಿಳಿ ಗೋಂದು ನೀರಿಗೆ ಮೆತ್ತಗಾಗುತ್ತೆ. ಗೋಂದಿನ ಗೆರೆ ಒದ್ದೆ ಮಾಡಿದ್ದು ಪ್ರತಿ ಸಲ ಪಟ್ಟಿಗೆ ತಾಗೋದರಿಂದ ಹದಿನೈದು ಇಪ್ಪತ್ತು ಸುತ್ತಿಗೆ ಜೋಡು ಜಾರುತ್ತೆ. ಕ್ಷಣದಲ್ಲಿ ಅಂಟೋ ಗೋಂದು ಬಟ್ಟೆಯಲ್ಲಿ ಇಳಿದು ಗಾಜಿನ ಹಾಗೆ ಗಟ್ಟಿಯಾಗುತ್ತೆ, ಮಡಿಕೆಗೆ ಟಕ್ ಅಂತ ಮುರಿಯುತ್ತೆ. ಹೊಲಿಗೆ ಹಾಕಿದರೆ ಆ ಉಬ್ಬು ಸಿಗರೇಟಿನ ಮೇಲೆ ಪ್ರತಿ ಸುತ್ತಿಗೂ ಒತ್ತುತ್ತೆ.

ಸೈಕಲ್ ಪಂಕ್ಚರ್ ಹಾಕೋ ಸಲ್ಯೂಷನ್ ತಗೊಳ್ಳಿ. ಪಟ್ಟಿಯ ಎರಡೂ ತುದಿ 45 ಡಿಗ್ರಿ ಓರೆಯಲ್ಲಿ ಕತ್ತರಿಸಿ. 6 ಮಿ.ಮೀ. ಒಂದರ ಮೇಲೊಂದು ಬರಲಿ. ಈ ಆರು ಮಿ.ಮೀ. ಮೊದಲೇ ಉದ್ದಕ್ಕೆ ಸೇರಿಸಿರಬೇಕು. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದ ಹಾಗೆ ಒಣಗೋ ತನಕ ಐದಾರು ನಿಮಿಷ ಬಿಡಿ. ಆಮೇಲೆ ಒಂದೇ ಸಲಕ್ಕೆ ಇಟ್ಟು ಚಮಚದ ಬೆನ್ನಿಂದ ಗಟ್ಟಿ ಉಜ್ಜಿ. ಹಸಿ ಇರುವಾಗ ಜೋಡಿಸಿದರೆ ಹಿಡಿಯಲ್ಲ. ಒಂದು ದಿನ ಬಿಡಿ, ವಾಸನೆಯೂ ಹೋಗುತ್ತೆ.

ಮಗ್ಗದಮನೆ
ಓರೆ ಜೋಡು ಯಾಕೆ ಅಂತಾನೂ ಹೇಳಿಬಿಡ್ತೀನಿ. ನೇರ ಅಡ್ಡಕ್ಕೆ ಜೋಡಿಸಿದರೆ ಎರಡು ಪದರದ ಉಬ್ಬು ಇಡೀ ಅಗಲಕ್ಕೆ ಒಟ್ಟಿಗೇ ರೋಲರ್ ಏರುತ್ತೆ, ಕೈಗೆ ಧಕ್ ಅಂತ ತಾಗುತ್ತೆ, ತಂಬಾಕಿನಲ್ಲಿ ಗೀರು ಬೀಳುತ್ತೆ. ಓರೆ ಇದ್ದರೆ ಉಬ್ಬು ಒಂದು ತುದಿಯಿಂದ ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪವೇ ದಾಟುತ್ತೆ. ಆದರೆ 74 ಅಗಲಕ್ಕೆ 45 ಡಿಗ್ರಿ ಜಾಸ್ತಿ ಆಯ್ತು ಮೇಷ್ಟ್ರೇ. ಓರೆಯೇ 74 ಮಿ.ಮೀ. ಉದ್ದಕ್ಕೆ ಹರಡುತ್ತೆ, ಹೆಚ್ಚುಕಮ್ಮಿ ಇಡೀ ಪಟ್ಟಿ ಸುತ್ತಿದ ಹಾಗೆ. ಎಡ ಅಂಚು ಬಲ ಅಂಚಿಗೆ ಸರಿಯಾಗಿ ಕೂರಿಸೋದು ಹೊಸಬರಿಗೆ ಆಗದ ಮಾತು. 15 ಡಿಗ್ರಿ ಸಾಕು, 20 ಮಿ.ಮೀ. ಹರಡುತ್ತೆ.

ಲೇತ್_ಮೇಷ್ಟ್ರು
ಒಪ್ಪಿದೆ. 45 ಅನ್ನೋದು ಮಿಲ್ಲಿನ ಉದ್ದ ಬೆಲ್ಟಿಗೆ ಸರಿ, ಇಷ್ಟು ಗಿಡ್ಡ ಪಟ್ಟಿಗೆ ಅಲ್ಲ. 15 ಮಾಡಿ.

ಅಂಕಿ_ಸಂಖ್ಯೆ
ಉದ್ದದಲ್ಲಿ ಎಷ್ಟು ತಪ್ಪಿದರೆ ನಡೆಯುತ್ತೆ ಅನ್ನೋದಕ್ಕೆ: ಪಟ್ಟಿ 3 ಮಿ.ಮೀ. ಉದ್ದ ಆದರೆ ಸಿಗರೇಟು ಮುಕ್ಕಾಲಿಂದ ಒಂದು ಮಿ.ಮೀ. ದಪ್ಪ ಆಗುತ್ತೆ. ಗಿಡ್ಡ ಆದರೆ ರೋಲರ್ ಮುಚ್ಚೋದೇ ಇಲ್ಲ. ಅದಕ್ಕೆ ಒಂದು ಮಿ.ಮೀ. ಉದ್ದದ ಕಡೆಗೇ ತಪ್ಪಿ.

ದುರ್ಗದ_ಬಿಸಿಲು (ಹಿರಿಯೂರು)
ಸುತ್ತೋ ಕ್ರಮದಲ್ಲೂ ತಪ್ಪು ಮಾಡೋರಿದ್ದಾರೆ. ರೋಲರ್ ತೆರೆದು, ಅರ್ಧದಿಂದ ಮುಕ್ಕಾಲು ಗ್ರಾಂ ತಂಬಾಕನ್ನ ಬಿಡಿಸಿ ಹರಡಿ, ಮಧ್ಯಕ್ಕಿಂತ ಎರಡೂ ತುದಿಗೆ ಚೂರು ಹೆಚ್ಚು. ಮುಚ್ಚಿ, ಎರಡೂ ಹೆಬ್ಬೆರಳಲ್ಲಿ ಮುಂದಿನ ರೋಲರನ್ನ ನಿಮ್ಮ ಕಡೆಗೆ ಕೆಳಕ್ಕೆ ಮೂರು ನಾಲ್ಕು ಸುತ್ತು ತಿರುಗಿಸಿ. ತಂಬಾಕು ಗುಂಡಗಾಗೋ ಮುಂಚೆ ಕಾಗದ ತೂರಿಸಿದರೆ ಒಳಗೆ ಮಡಿಕೆ ಬೀಳುತ್ತೆ. ಆಮೇಲೆ ಗೋಂದಿನ ಗೆರೆ ಮೇಲೆ, ಗೋಂದಿನ ಮೈ ನಿಮ್ಮ ಕಡೆ ಬರೋ ಹಾಗೆ ಕಾಗದ ಇಟ್ಟು ಗೆರೆ ಮಾತ್ರ ಕಾಣೋ ತನಕ ಸುತ್ತಿ. ಒದ್ದೆ ಮಾಡಿ ಮತ್ತೆ ಎರಡು ಸುತ್ತು.

ನಮ್ಮ ಕಡೆ ಬಿಸಿಲಿಗೆ ತಂಬಾಕು ಒಂದೇ ದಿನಕ್ಕೆ ಗರಿಗರಿ ಆಗುತ್ತೆ. ಒಣಗಿದ್ದು ಸುತ್ತುವಾಗ ಪುಡಿಯಾಗುತ್ತೆ. ಆಲೂಗಡ್ಡೆ ಚೂರು ಇಡೋ ಚಾಳಿ ಬೇಡ, ಬೂಷ್ಟು ಬರುತ್ತೆ. ಸುಟ್ಟ ಮಣ್ಣಿನ ಕುಡಿಕೆ ಚೂರನ್ನ ನೀರಲ್ಲಿ ನೆನೆಸಿ, ಮೇಲಿನ ನೀರು ಒರೆಸಿ ಡಬ್ಬಿಯಲ್ಲಿ ಇಡಿ. ನಾಲ್ಕೈದು ಗಂಟೆ ಸಾಕು.

ಹೊಸಬ_2
ತೊಳೆಯೋದು ಹೇಗೆ? ಹುಣಸೆಹಣ್ಣು ಹಾಕಿ ತಿಕ್ಕಬಹುದಾ?

ಕೋಟೆಕಲ್ಲು
ದಯವಿಟ್ಟು ಬೇಡ. ಹುಣಸೆಹಣ್ಣು ಬರೀ ಹಿತ್ತಾಳೆ, ತಾಮ್ರಕ್ಕೆ. ನಿಕ್ಕಲ್ ಲೇಪದ ಮೇಲೆ ತಿಕ್ಕಿದರೆ ಲೇಪದ ಸಣ್ಣ ತೂತುಗಳಲ್ಲಿ ಹುಳಿ ಇಳಿದು ಒಳಗಿನ ತಗಡು ತುಕ್ಕು ಹಿಡಿಯುತ್ತೆ, ಲೇಪ ಸಿಪ್ಪೆ ಏಳುತ್ತೆ. ಚಿತ್ರ ಅಚ್ಚಾದ ತಗಡಿನ ಡಬ್ಬಿಗೆ ಸೋಪಿನ ಪುಡಿ, ಸೋಡಾ ಕೂಡ ಬೇಡ. ಹೊಲಿಗೆ ಮಿಷಿನ್ ಎಣ್ಣೆ ಎರಡು ಹನಿ ಹತ್ತಿಗೆ ಹಾಕಿ ಮೆಲ್ಲಗೆ ಒರೆಸಿ. ಅಲ್ಯೂಮಿನಿಯಂ ಇದ್ದರೆ ವಾಷಿಂಗ್ ಸೋಡಾ ತಾಗಿಸಲೇಬೇಡಿ, ಕಪ್ಪಾಗುತ್ತೆ. ರೋಲರಿಗೆ ಅಂಟಿದ ಕಂದು ಜಿಡ್ಡಿನಲ್ಲಿ ಅರ್ಧ ಕಾಗದದ ಗೋಂದೇ ಇರುತ್ತೆ. ಅದು ಮರದ ಗೋಂದು, ಬೆಚ್ಚಗಿನ ನೀರಿಗೆ ಬಿಡುತ್ತೆ, ಥಿನ್ನರ್ ಬೇಕಿಲ್ಲ.

ಥಿನ್ನರ್ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಹಳೇ ಮಿಷಿನ್ನಿಗೆ ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್ ಭಾಗಗಳಿರ್ತವೆ. ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತೆ. ಥಿನ್ನರಿಗೆ ಅದು ಕರಗುತ್ತೆ. ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತ ಹೇಳೋರಿದ್ದಾರೆ, ಯಾವತ್ತೂ ಮಾಡಬೇಡಿ, ಸೆಲ್ಯುಲಾಯ್ಡ್ ಭಗ್ ಅಂತ ಹೊತ್ತಿಕೊಳ್ಳುತ್ತೆ. ಬೇಕಲೈಟ್ ಅನ್ನೋ ಹಳೇ ಗಟ್ಟಿ ಪ್ಲಾಸ್ಟಿಕ್ ಆದರೆ ಬಿಸಿನೀರಲ್ಲಿ ಅದ್ದಿ ತೆಗೆದಾಗ ಕಾರ್ಬಾಲಿಕ್ ಸೋಪಿನ ವಾಸನೆ.

ಲೇತ್_ಮೇಷ್ಟ್ರು
ಬೆಸುಗೆ ಬಗ್ಗೆಯೂ ಸೇರಿಸಿ. ಮಾಮೂಲಿ ಬೆಸುಗೆ ತಂತಿಯಲ್ಲಿ ಸೀಸ ಇರುತ್ತೆ. ಬಳಸೋ ಮಿಷಿನ್ನಿಗೆ ತಂಬಾಕು ತಾಗೋ ಕಡೆ ಅದನ್ನ ಹಾಕಿಸಬೇಡಿ. ಬಣ್ಣ ಚಕ್ಕೆ ಏಳುತ್ತಿರೋ ಮಿಷಿನ್ನನ್ನೂ ಬಳಸಬೇಡಿ, ಶೋಕೇಸಿಗೆ ಸಾಕು.

ಎಲೆ_ಕತ್ತರಿ
ಇಡುವಾಗ ರೋಲರ್ ತೆರೆದೇ ಇಡಿ. ಮುಚ್ಚಿಟ್ಟರೆ ಪಟ್ಟಿಗೆ ಅದೇ ಮಡಿಕೆ ಕೂತುಬಿಡುತ್ತೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಲೋಹಕ್ಕೆ ಕಪ್ಪು ಗೆರೆ ಬೀಳುತ್ತೆ. ಪ್ಲಾಸ್ಟಿಕ್ ಪಟ್ಟಿ ಇರೋದಾದರೆ ನಡುವೆ ಬಟರ್ ಪೇಪರ್ ಚೂರು ಇಡಿ, ಇಲ್ಲದಿದ್ದರೆ ರೋಲರಿಗೆ ಅಂಟಿಕೊಳ್ಳುತ್ತೆ.

ಗುಜರಿ_ಗೆಳೆಯ
ದುರ್ಗದವರೂ ದಾವಣಗೆರೆಯವರೂ ಹೀಗೆ ಒಂದೇ ಮಾತಿಗೆ ಬಂದಿದ್ದು 1997ಕ್ಕೆ ಮುಂಚೆ, ಒಂದೇ ಜಿಲ್ಲೆ ಇದ್ದಾಗ ಅನ್ಸುತ್ತೆ. ಖುಷಿ ಆಯ್ತು.

ಪಿಜೆ_ಬಡಾವಣೆ
ಪಟ್ಟಿ ಹಾಕಿ ಆಯ್ತು. ಬೈಂಡಿಂಗ್ ಕ್ಯಾಲಿಕೊ, ಹಾಸು ಓಡೋ ದಿಕ್ಕಿಗೆ, ಎಳೆ ಕಿತ್ತು ಕತ್ತರಿಸಿದ್ದು. ಅಗಲ 74, ಜೋಡು 15 ಡಿಗ್ರಿ, ಪಂಕ್ಚರ್ ಸಲ್ಯೂಷನ್. ಹಳೇ ರೆಕ್ಸಿನ್ ಬಿಚ್ಚಿ ಅಳೆದಾಗ ಎಡ ಅಂಚು ಹೊಸದಕ್ಕಿಂತ 2 ಮಿ.ಮೀ. ಉದ್ದ, ಬಲ ಅಂಚು 8 ಮಿ.ಮೀ. ಉದ್ದ ಇತ್ತು. ಈಗ ನಿಂಬೆಹುಲ್ಲಿನಲ್ಲಿ ಹತ್ತು ಸುತ್ತಿ ಅಳೆದೆ, ಎರಡೂ ತುದಿ 8ರಿಂದ 8.5 ಒಳಗೆ ಬರ್ತಿದೆ, ಒಂದೂ ಬಿಚ್ಚಿಲ್ಲ. ಆದರೆ ಸುತ್ತುವಾಗ ಪಟ್ಟಿ ನಿಧಾನಕ್ಕೆ ಎಡಕ್ಕೆ ಸರಿಯುತ್ತೆ, ಹತ್ತಕ್ಕೊಮ್ಮೆ ಬೆರಳಲ್ಲಿ ಸರಿ ಮಾಡಬೇಕು.

ಮಗ್ಗದಮನೆ
ಜೋಡಿನ ಕಡೆ ಅಂಚು ಅರ್ಧ ಮಿ.ಮೀ. ಆಚೀಚೆ ಕೂತಿರುತ್ತೆ, ಸ್ಕೇಲ್ ಇಟ್ಟು ನೋಡಿ. ಅಷ್ಟು ಚೂರು ಇದ್ದರೂ ಸರಿಯುತ್ತೆ. ಮತ್ತೆ ಬಿಚ್ಚೋಕೆ ಹೋಗಬೇಡಿ, ಸಲ್ಯೂಷನ್ ಬಟ್ಟೆ ಕಿತ್ತುಕೊಂಡು ಬರುತ್ತೆ. ಪಟ್ಟಿ ತೆಗೆದು ಎಡಬಲ ತಿರುಗಿಸಿ ಹಾಕಿ. ಈಗ ಬಲಕ್ಕೆ ಸರಿದರೆ ತಪ್ಪು ಜೋಡಿನದ್ದೇ, ಇನ್ನೊಂದು ಪಟ್ಟಿ ಕತ್ತರಿಸಿಡಿ. ಆಗಲೂ ಎಡಕ್ಕೇ ಸರಿದರೆ ರೋಲರ್ ಒಂದು ಕಡೆ ತೆಳ್ಳಗಿದೆ, ಮೇಷ್ಟ್ರನ್ನ ಕೇಳಬೇಕು.

ಪಿಜೆ_ಬಡಾವಣೆ
ತಿರುಗಿಸಿ ಹಾಕಿದೆ. ಬಲಕ್ಕೆ ಸರೀತಿದೆ. ಕ್ಯಾಲಿಕೊ ಇನ್ನೂ ಒಂದು ಗೇಣು ಉಳಿದಿದೆ, ನಾಳೆ ಇನ್ನೊಂದು ಕತ್ತರಿಸ್ತೀನಿ.